ವಾಲ್ಯೂಮ್ ಏರಿಸಿ ಕೇಳಿ

ಈ ಎಲ್‌ಪಿಯ ಕವರ್ ಮೇಲೆ ಕೇಳುಗರಿಗೆ ಒಂದು ಸೂಚನೆ ಇದೆ: ವಾಲ್ಯೂಮ್ ಎಷ್ಟು ಏರುತ್ತದೋ ಅಷ್ಟೂ ಏರಿಸಿ ಕೇಳಬೇಕಂತೆ. ಅಮೆರಿಕದ ಎಲೆಕ್ಟ್ರಾ ಕಂಪನಿ 1965ರಲ್ಲಿ ಹೊರತಂದ ‘ದಿ ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್’ ಅದು. ತಂಡದ ಹೆಸರೂ ಅದೇ, ಅವರ ಮೊದಲ ಆಲ್ಬಮ್ಮಿನ ಹೆಸರೂ ಅದೇ. ಹಳೇ ಹಿಂದಿ ಸಿನಿಮಾ ಹಾಡುಗಳನ್ನು ಮೌತ್ ಆರ್ಗನ್‌ನಲ್ಲಿ ನುಡಿಸಿ ಮನೆಯವರ ತಾಳ್ಮೆ ಪರೀಕ್ಷಿಸುವ ನನಗೆ ಇದು ಹಿಡಿಸಿದ್ದು ಬಟರ್‌ಫೀಲ್ಡ್‌ನ ಮೌತ್ ಆರ್ಗನ್ನಿಂದ.

ನಮ್ಮಲ್ಲಿ ಮೈಕ್ ಇರುವುದು ಸದ್ದು ದೊಡ್ಡದು ಮಾಡಲಿಕ್ಕೆ. ಶಿಕಾಗೋದ ಬ್ಲೂಸ್‌ನವರು ಅದನ್ನು ವಾದ್ಯದ ಭಾಗವಾಗಿಯೇ ಮಾಡಿಕೊಂಡರು. ಮೌತ್ ಆರ್ಗನ್‌ಗೆ ಮೈಕು ಒತ್ತಿ, ಎರಡನ್ನೂ ಅಂಗೈಗಳಲ್ಲಿ ಮುಚ್ಚಿ ಹಿಡಿದು ಊದಿದರೆ ಆಂಪ್ಲಿಫೈಯರ್ ತಡೆಯಲಾರದೆ ಸದ್ದು ಒಡೆಯುತ್ತದೆ. ಒಡೆದ ಆ ದಪ್ಪ ದನಿಯೇ ಅವರಿಗೆ ಬೇಕಾದದ್ದು. ಇದರ ದೊಡ್ಡ ಉಸ್ತಾದ್ ಲಿಟ್ಲ್ ವಾಲ್ಟರ್.

ಇನ್ನೊಂದು ಪಟ್ಟೂ ಇದೆ. ಹಾಡು ಇ ಶ್ರುತಿಯಲ್ಲಿದ್ದರೆ ಎ ಶ್ರುತಿಯ ವಾದ್ಯ ಹಿಡಿಯುತ್ತಾರೆ. ಆಗ ಮುಖ್ಯ ಸ್ವರಗಳು ಒಳಕ್ಕೆ ಎಳೆಯುವ ಉಸಿರಿನಲ್ಲಿ ಸಿಗುತ್ತವೆ. ನಾಲಿಗೆಯನ್ನು ತುಸು ಹೊಂದಿಸಿದರೆ ಆ ಸ್ವರ ಗಮಕದಂತೆ ಕೆಳಕ್ಕೆ ಜಾರುತ್ತದೆ. ನನ್ನಲ್ಲಿರುವಂಥ ಜೋಡಿ ಸಾಲಿನ ಮೌತ್ ಆರ್ಗನ್ ಇದಕ್ಕೆ ಒಗ್ಗದು. ಹತ್ತು ತೂತಿನ ಪುಟ್ಟದು ಬೇಕು.

ಬಟರ್‌ಫೀಲ್ಡ್ ಶಿಕಾಗೋದ ಬಿಳಿಯ ಹುಡುಗ. ಗಿಟಾರಿಸ್ಟ್ ಎಲ್ವಿನ್ ಬಿಷಪ್ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಭೌತಶಾಸ್ತ್ರ ಓದಲು ಬಂದವನು. ಇಬ್ಬರಿಗೂ ನಿಜವಾದ ಪಾಠಶಾಲೆ ಆದದ್ದು ಮಡ್ಡಿ ವಾಟರ್ಸ್‌ನಂಥವರು ನುಡಿಸುತ್ತಿದ್ದ ಸೌತ್ ಸೈಡ್‌ನ ಕ್ಲಬ್ಬುಗಳು. ಬೇಸ್ ಹಿಡಿದ ಜೆರೋಮ್ ಅರ್ನಾಲ್ಡ್, ಡ್ರಮ್ಸ್‌ಗೆ ಕೂತ ಸ್ಯಾಮ್ ಲೇ ಇಬ್ಬರೂ ಕಪ್ಪು ವಾದಕರು, ಹೌಲಿನ್ ವುಲ್ಫ್ ತಂಡದಲ್ಲಿ ಪಳಗಿದವರು. ಕಪ್ಪು ಬಿಳಿ ಬೆರೆತ ತಂಡಗಳು ಅಪರೂಪವಾಗಿದ್ದ ಕಾಲ ಅದು. ಆಮೇಲೆ ಸೇರಿದ ಮೈಕ್ ಬ್ಲೂಮ್‌ಫೀಲ್ಡ್‌ನ ಗಿಟಾರ್ ಮಿಂಚಿತು.

ಆಲ್ಬಂ ಮಾತ್ರ ಸುಲಭಕ್ಕೆ ಹುಟ್ಟಲಿಲ್ಲ. ಸ್ಟುಡಿಯೋದಲ್ಲಿ ಮಾಡಿದ ಮೊದಲ ಧ್ವನಿಮುದ್ರಣವನ್ನು ನಿರ್ಮಾಪಕ ಪಾಲ್ ರಾಥ್‌ಚೈಲ್ಡ್ ಬೇಡವೆಂದ. ನ್ಯೂಯಾರ್ಕಿನ ಕೆಫೆ ಔ ಗೋ ಗೋದಲ್ಲಿ ಜನರೆದುರು ಮುದ್ರಿಸಿದ್ದೂ ಮೂಲೆ ಸೇರಿತು. ಮತ್ತೆ ಸ್ಟುಡಿಯೋಗೆ ಹೋದಾಗ ಮಾರ್ಕ್ ನಾಫ್ಟಲಿನ್ ಆರ್ಗನ್‌ಗೆ ಕೂತು, ಹಾಗೆಯೇ ತಂಡದವನೂ ಆಗಿಬಿಟ್ಟ.

ಅದೇ ವರ್ಷ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗದ್ದಲ ಎಬ್ಬಿಸಿದನಲ್ಲ, ಆಗ ಅವನ ಹಿಂದೆ ನುಡಿಸಿದವರಲ್ಲಿ ಬ್ಲೂಮ್‌ಫೀಲ್ಡ್, ಅರ್ನಾಲ್ಡ್, ಲೇ ಮೂವರೂ ಇದ್ದರು. ಮುಂದೆ 1966ರ ‘ಈಸ್ಟ್-ವೆಸ್ಟ್’ ಆಲ್ಬಮ್ಮಿನಲ್ಲಿ ಬ್ಲೂಮ್‌ಫೀಲ್ಡ್ ನಮ್ಮ ರಾಗಗಳ ಜಾಡು ಹಿಡಿದು ಹದಿಮೂರು ನಿಮಿಷ ಬೆಳೆಸಿದ ಕೃತಿಯೂ ಇದೆ.

ಹೊಸಬರು ನಿಕ್ ಗ್ರಾವೆನೈಟ್ಸ್ ಬರೆದ ‘ಬಾರ್ನ್ ಇನ್ ಶಿಕಾಗೋ’ದಿಂದಲೇ ಶುರು ಮಾಡಿ. ಆಮೇಲೆ ‘ಬ್ಲೂಸ್ ವಿತ್ ಎ ಫೀಲಿಂಗ್’ ಕೇಳಿ, ಅದರ ಬೆನ್ನಿಗೇ ಅದೇ ಹಾಡನ್ನು ಲಿಟ್ಲ್ ವಾಲ್ಟರ್ 1953ರಲ್ಲಿ ನುಡಿಸಿದ್ದನ್ನೂ ಕೇಳಿ. ಶಿಷ್ಯನಲ್ಲಿ ರಭಸ ಹೆಚ್ಚು. ಗುರು ಎಲ್ಲಿ ಸುಮ್ಮನಿರಬೇಕೆಂದು ಬಲ್ಲವನು. ಆ ಒಂದು ಹಾಡಿನ ಮಟ್ಟಿಗೆ ನನ್ನ ಓಟು ಗುರುವಿಗೆ, ಉಳಿದ ಆಲ್ಬಮ್ಮಿಗೆ ಮಾತ್ರ ಶಿಷ್ಯನೇ ಸೈ.