ಗಿಟಾರಿನ ಧ್ವನಿವರ್ಧಕಕ್ಕೆ ಮನೆಯ ಸಂಗೀತದಲ್ಲಿ ಸ್ಥಾನವುಂಟೆ?

ವೀಣೆಗೆ ಕೊಡವುಂಟು, ಪಿಟೀಲಿಗೆ ಪೊಳ್ಳಾದ ಒಡಲುಂಟು. ಆದರೆ ಗಟ್ಟಿ ಹಲಗೆಯ ಮೇಲೆ ತಂತಿ ಬಿಗಿದು ಮಾಡಿದ ಎಲೆಕ್ಟ್ರಿಕ್ ಗಿಟಾರಿನ ನಾದವು, ಅದರ ಜೊತೆಗಿರುವ ಧ್ವನಿವರ್ಧಕದ ಕಾಗದದ ಶಂಕುವಿನಲ್ಲಿಯೇ ಮೊತ್ತಮೊದಲು ಶರೀರವನ್ನು ಪಡೆಯಬೇಕಾಗಿರುವುದರಿಂದ, ಆ ಶಂಕು ವಾದ್ಯದ ಒಂದು ಅವಯವವೇ ಹೊರತು ಕೇಳಿದುದನ್ನು ಯಥಾವತ್ತಾಗಿ ಒಪ್ಪಿಸುವ ದೂತನಲ್ಲ. ಸ್ವರವು ಮೇಲೇರಿದಂತೆ ಆ ತೆಳುಗಾಗದ ಇಡಿಯಾಗಿ ಹಿಂದುಮುಂದಾಡುವುದನ್ನು ಬಿಟ್ಟು ಭಾಗಭಾಗವಾಗಿ ನಡುಗತೊಡಗುತ್ತದೆ. ಹೈ-ಫೈ ತಯಾರಕನು ದೋಷವೆಂದು ತೊಲಗಿಸಲು ಹೆಣಗುವ ಈ ನಡುಕವೇ ಗಿಟಾರ್ ವಾದಕನಿಗೆ ರುಚಿ. ಇಂಥದನ್ನು ತಂದು ಮನೆಯಲ್ಲಿ ಸಂಗೀತ ಕೇಳುವ ಪೆಟ್ಟಿಗೆಗೆ ಜೋಡಿಸುವ ಹವ್ಯಾಸಿಗಳುಂಟೆಂದರೆ ವಿಪರೀತಬುದ್ಧಿಯೆಂದು ತೋರುವುದು ಸಹಜವಾದರೂ, ವಂಶಾವಳಿಯನ್ನು ತೆಗೆದು ನೋಡಿದವರು ಅಷ್ಟು ಬೇಗ ನಗಲಾರರು.

ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲ್ಲಾಗ್ ಎಂಬ ಅಮೆರಿಕನ್ ಎಂಜಿನಿಯರುಗಳು 1925ರಲ್ಲಿ ವಿವರಿಸಿದ, ಅಯಸ್ಕಾಂತದ ನಡುವೆ ತಂತಿಯ ಸುರುಳಿ ಚಲಿಸುವ ಧ್ವನಿವರ್ಧಕವೇ ಎರಡಕ್ಕೂ ಮೂಲ. ಗಿಟಾರ್ ಜಗತ್ತಿನಲ್ಲಿ ಪ್ರಖ್ಯಾತನಾದ ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ತೆರೆದದ್ದು ರೇಡಿಯೋ ರಿಪೇರಿಯ ಅಂಗಡಿ. ಇಂಗ್ಲೆಂಡಿನ ಸೆಲೆಸ್ಟಿಯನ್ ಕಂಪನಿಯು 1930ರ ದಶಕದಿಂದ ರೇಡಿಯೋಗಳಿಗೆಂದು ತಯಾರಿಸುತ್ತಿದ್ದ ಜಿ12 ಎಂಬ ಹನ್ನೆರಡು ಅಂಗುಲದ ಧ್ವನಿವರ್ಧಕವೇ ಮುಂದೆ ಸ್ವಲ್ಪ ಗಟ್ಟಿಗೊಂಡು, ನೀಲಿ ಬಣ್ಣ ಬಳಿಸಿಕೊಂಡು, ವಾಕ್ಸ್ ಎಸಿ30 ಎಂಬ ಗಿಟಾರ್ ಆಂಪ್ಲಿಫೈಯರಿನೊಳಗೆ ಸೇರಿತು. ಹೀಗೆ ಒಂದೇ ಮನೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಪಾಲಾದುದು ಐವತ್ತರ ದಶಕದಲ್ಲಿ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತನು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಕಪಾಟಿನಲ್ಲಿ ಹಿಡಿಸುವಷ್ಟು ಸಣ್ಣ ಪೆಟ್ಟಿಗೆಯಿಂದ ಗಂಭೀರವಾದ ಮಂದ್ರವನ್ನು ಹೊರಡಿಸಿ ತೋರಿಸಿದನು. ಅದಕ್ಕೆ ತೆತ್ತ ಬೆಲೆಯೆಂದರೆ ಸಂವೇದನಶೀಲತೆ: ಶಂಕು ಭಾರವಾಯಿತು, ಅದನ್ನು ಅಲುಗಿಸಲು ಹೆಚ್ಚು ವ್ಯಾಟ್ ಬೇಕಾಯಿತು. ಗಿಟಾರಿನ ಕಡೆಯ ತಮ್ಮನು ಮಾತ್ರ ಹಗುರವಾದ ಕಾಗದವನ್ನೂ ದೊಡ್ಡ ಗಂಟಲನ್ನೂ ಉಳಿಸಿಕೊಂಡನು.

ಆ ಗಂಟಲಿನ ಪ್ರಮಾಣವನ್ನು ಅಂಕಿಯಲ್ಲಿ ಹೇಳುವುದಾದರೆ, ಇಂದಿನ ಸಾಮಾನ್ಯ ಹೈ-ಫೈ ಪೆಟ್ಟಿಗೆಯು ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್‌ನ ಆಸುಪಾಸಿನಲ್ಲಿದ್ದರೆ, ಮೇಲೆ ಹೇಳಿದ ನೀಲಿ ಸೆಲೆಸ್ಟಿಯನ್ 100 ಡೆಸಿಬೆಲ್‌ಗೆ ಏರುತ್ತದೆ. ನಡುವಿನ ಹದಿಮೂರು ಡೆಸಿಬೆಲ್ ಎಂದರೆ ಶಕ್ತಿಯ ಲೆಕ್ಕದಲ್ಲಿ ಇಪ್ಪತ್ತು ಪಟ್ಟು. ಎಂಟು ವ್ಯಾಟ್ ಮಾತ್ರ ಕೊಡಬಲ್ಲ 300ಬಿ ವಾಲ್ವಿನ ಆಂಪ್ಲಿಫೈಯರನ್ನು ಆರಾಧಿಸುವವರಿಗೂ, ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯಲ್ಲಿ ಒಂದಾನೊಂದು ಕಾಲದಲ್ಲಿ ತಯಾರಾದ ಇಎಲ್84 ವಾಲ್ವುಗಳನ್ನು ಹುಡುಕಿ ತಂದು ಐದಾರು ವ್ಯಾಟಿನಲ್ಲಿ ತೃಪ್ತರಾಗುವವರಿಗೂ ಈ ಇಪ್ಪತ್ತು ಪಟ್ಟು ಎಷ್ಟು ದೊಡ್ಡ ಪ್ರಲೋಭನೆಯೆಂಬುದನ್ನು ವಿವರಿಸಬೇಕಾಗಿಲ್ಲ. ಎಸಿ30 ತಾನೂ ನಡೆಯುವುದು ಇಎಲ್84ರಿಂದಲೇ.

ಇನ್ನು ಕೊರತೆಗಳು. ಆ ಸೆಲೆಸ್ಟಿಯನ್ನಿನ ವ್ಯಾಪ್ತಿಯೆಂದು ತಯಾರಕರೇ ಒಪ್ಪಿಕೊಂಡಿರುವುದು 75ರಿಂದ 5000 ಹರ್ಟ್ಜ್‌ವರೆಗೆ ಮಾತ್ರ. ಆ ವ್ಯಾಪ್ತಿಯೊಳಗೂ ಸಮತೆಯಿಲ್ಲ: ಗಿಟಾರ್ ಧ್ವನಿವರ್ಧಕಗಳಲ್ಲಿ ಸಾಮಾನ್ಯವಾಗಿ 2000ದಿಂದ 4000 ಹರ್ಟ್ಜ್‌ಗಳ ನಡುವೆ ಒಂದು ಉಬ್ಬು ಇರುತ್ತದೆ, ಮನುಷ್ಯನ ಕಿವಿಯೂ ಅಲ್ಲಿಯೇ ಅತ್ಯಂತ ಚುರುಕಾಗಿರುವುದರಿಂದ ಪಿಟೀಲಿನ ಮೇಲುಸ್ಥಾಯಿ ಕೀರಲಾಗಿ ಕೇಳುತ್ತದೆ. ಪರೀಕ್ಷೆಗೆ ತಂಬೂರಿಗಿಂತ ಉತ್ತಮವಾದುದು ಬೇರಿಲ್ಲವೆಂದು ನನ್ನ ಮತ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಸಿಕ್ಕಿಸುವ ಆ ಸಣ್ಣ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ಝೇಂಕಾರವು ಅರಳಿ ಮೇಲುಮೇಲಿನ ಅನುಸ್ವರಗಳು ಒಂದೊಂದಾಗಿ ಹೊರಬರುವವಷ್ಟೆ. ಗಿಟಾರಿನ ಧ್ವನಿವರ್ಧಕವೊಂದರಿಂದಲೇ ಅದನ್ನು ಕೇಳಿದರೆ ಶ್ರುತಿಯೇನೋ ನಿಲ್ಲುತ್ತದೆ, ಆದರೆ ದಾರವನ್ನು ತೆಗೆದುಹಾಕಿದಂತಿರುತ್ತದೆ. ಅದೂ ಅಲ್ಲದೆ ಹನ್ನೆರಡು ಅಂಗುಲದ ಶಂಕುವು ಸಾವಿರ ಹರ್ಟ್ಜ್ ದಾಟಿದ ಮೇಲೆ ನಾದವನ್ನು ಎದುರಿಗೆ ಮಾತ್ರ ಎಸೆಯತೊಡಗುವುದರಿಂದ, ನಡುವೆ ಕುಳಿತ ಯಜಮಾನನಿಗೆ ಸಿಕ್ಕ ಸಂಗೀತ ಬಾಗಿಲಲ್ಲಿ ನಿಂತ ಮನೆಯವರಿಗೆ ಸಿಕ್ಕುವುದಿಲ್ಲ.

ಆದುದರಿಂದ ಬಲ್ಲವರು ಇದಕ್ಕೆ ಪೂರ್ಣಾಧಿಕಾರವನ್ನು ಕೊಡದೆ, ಮಧ್ಯದ ಸ್ಥಾಯಿಗಳ ಕಾರ್ಯವನ್ನು ಮಾತ್ರ ಒಪ್ಪಿಸುತ್ತಾರೆ. ಪೆಟ್ಟಿಗೆಯನ್ನೂ ಕಟ್ಟುವುದಿಲ್ಲ, ಪ್ಲೈವುಡ್ ಹಲಗೆಯೊಂದರಲ್ಲಿ ರಂಧ್ರ ಕೊರೆದು ಕೂರಿಸಿ ಬೆನ್ನನ್ನು ತೆರೆದೇ ಬಿಡುತ್ತಾರೆ. ಪೆಟ್ಟಿಗೆಯ ಗುಂಯ್‌ಗುಡುವಿಕೆಯಿಂದ ಬಿಡುಗಡೆ ಹೊಂದಿದ ಕಂಠಸ್ವರವು ಆಗ ಎಷ್ಟು ನಿರಾಯಾಸವಾಗಿ ಎದುರಿಗೆ ಬಂದು ನಿಲ್ಲುತ್ತದೆಂದರೆ, ಈ ಒಂದು ಗುಣಕ್ಕಾಗಿಯೇ ಉಳಿದ ಉಪದ್ರವಗಳನ್ನೆಲ್ಲ ಸಹಿಸಬಹುದೆಂದು ನನಗೆ ತೋರುತ್ತದೆ. ಆದರೆ ಹಿಂಬದಿಯ ಅಲೆಯು ಹಲಗೆಯನ್ನು ಸುತ್ತಿ ಬಂದು ಮುಂಬದಿಯದನ್ನು ಅಳಿಸುವುದರಿಂದ, ಎರಡಡಿ ಅಗಲದ ಹಲಗೆಯಲ್ಲಿ ಸುಮಾರು 280 ಹರ್ಟ್ಜ್‌ನ ಕೆಳಗೆ ಬಲವು ಕುಗ್ಗತೊಡಗುತ್ತದೆ. ಪುರುಷಗಾಯಕರ ಆಧಾರಷಡ್ಜವು ಸಾಮಾನ್ಯವಾಗಿ ಇರುವುದೇ 130–140ರ ಆಸುಪಾಸಿನಲ್ಲಿ! ಹಲಗೆಗೆ ಇಕ್ಕೆಲಗಳಲ್ಲಿ ರೆಕ್ಕೆ ಕಟ್ಟಿದರೆ ಸ್ವಲ್ಪ ಸುಧಾರಿಸೀತು. ಉಬ್ಬನ್ನು ತಗ್ಗಿಸಲು ಸುರುಳಿ, ಕೆಪಾಸಿಟರ್, ರೆಸಿಸ್ಟರುಗಳ ಒಂದು ಸೋಸುಮಂಡಲ ಬೇಕು. ಮೇಲಣ ಸ್ಥಾಯಿಗೆ ಟ್ವೀಟರ್ ಬೇಕು, ಅದೂ ಇದರ ಗಂಟಲಿಗೆ ಸರಿಗಟ್ಟುವಂಥದೇ ಆಗಬೇಕಾದುದರಿಂದ ರೇಷ್ಮೆಯ ಗುಮ್ಮಟದ ಸಾಧಾರಣ ಟ್ವೀಟರ್ ಸಾಲದು, ಹಾರ್ನ್ ಬಗೆಯದೇ ಆಗಬೇಕು.

ಮಂದ್ರಕ್ಕೆ ಪ್ರತ್ಯೇಕ ವೂಫರ್ ಅನಿವಾರ್ಯ. ತೆರೆದ ಹಲಗೆಯಲ್ಲಿ ಮೃದಂಗದ ಎಡಭಾಗದ ಗುಂಕಾರವನ್ನು ನೂರು ಡೆಸಿಬೆಲ್‌ನ ಸಂಗಾತಿಗೆ ಸಮನಾಗಿ ಎಬ್ಬಿಸಬಲ್ಲ ವೂಫರು ಎಂಟು ವ್ಯಾಟಿಗೆ ಅಲುಗುವುದೂ ಇಲ್ಲವಾದ್ದರಿಂದ, ಹವ್ಯಾಸಿಗಳಲ್ಲಿ ಬಹುಮಂದಿ ಕೊನೆಗೆ ಅದಕ್ಕೆಂದೇ ನೂರು ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರೊಂದನ್ನು ತಂದು ಹಲಗೆಯ ಹಿಂದೆ ಮರೆಯಾಗಿ ಇಡುತ್ತಾರೆ. ಬಂದವರಿಗೆ ತೋರಿಸುವುದು ಮಾತ್ರ ವಾಲ್ವಿನದನ್ನೇ.