ಒಲ್ಲೆನೆಂದ ಸಿಪಾಯಿ

‘ಒಲ್ಲೆ’ ಎಂಬುದು ನಮ್ಮ ನುಡಿಯ ಅತಿ ಚಿಕ್ಕ ಮಾತುಗಳಲ್ಲೊಂದು. ಆದರೆ ಗಾಯಗೊಂಡ ಸಿಪಾಯಿಯೊಬ್ಬನು ಶಸ್ತ್ರಚಿಕಿತ್ಸೆಗೆ ಈ ಮಾತನ್ನಾಡಿದನೆಂದರೆ, ಅದರ ಬೆಲೆಯನ್ನು ಅವನ ಸಂಸಾರವು ಬಹುಕಾಲ ತೆರಬೇಕಾದೀತು.

ನಮ್ಮ ಬೀದಿಯ ನಿವೃತ್ತ ಹವಾಲ್ದಾರರೊಬ್ಬರು ತಮ್ಮ ಹಳೆಯ ಕಾಗದಪತ್ರಗಳನ್ನು ಓದಿ ಹೇಳಬೇಕೆಂದು ಒಮ್ಮೆ ನನ್ನಲ್ಲಿಗೆ ತಂದಿದ್ದರು. ಸೈನ್ಯದಿಂದ ಬಿಡುಗಡೆಯಾಗುವವರನ್ನು ಪರೀಕ್ಷಿಸುವ ವೈದ್ಯಮಂಡಳಿಯ ನಮೂನೆಯೂ ಅವುಗಳಲ್ಲಿತ್ತು. ಅದರ ಕೆಲವು ಪ್ರಶ್ನೆಗಳು ನನ್ನನ್ನು ತಡೆದು ನಿಲ್ಲಿಸಿದವು. ಈತನು ಚಿಕಿತ್ಸೆಯನ್ನು ನಿರಾಕರಿಸಿದ್ದಾನೆಯೆ? ಕಾರಣವೇನು? ನಿರಾಕರಿಸಿದರೆ ಪಿಂಚಣಿಯು ಕಡಿಮೆಯಾಗಬಹುದು, ಪೂರ್ತಿ ನಿಂತೂ ಹೋಗಬಹುದು ಎಂಬುದನ್ನು ಅವನಿಗೆ ವಿವರಿಸಲಾಗಿದೆಯೆ? ಅವನು ಚೆನ್ನಾಗಿ ತಿಳಿದುಕೊಂಡಿದ್ದಾನೆಯೆ? ಚಿಕಿತ್ಸೆಯಾಗಿದ್ದರೆ ವೈಕಲ್ಯವು ಎಷ್ಟಕ್ಕೆ ಇಳಿಯುತ್ತಿತ್ತು? ಅವನ ನಿರಾಕರಣೆ ಯುಕ್ತವೆ?

ಈ ಪ್ರಶ್ನೆಗಳ ಹಿಂದಿನ ಲೆಕ್ಕ ಹೀಗಿದೆ: ವೈಕಲ್ಯವು ಸೇವೆಯಿಂದ ಉಂಟಾಗಿರಬೇಕು, ಇಲ್ಲವೆ ಸೇವೆಯಿಂದ ಉಲ್ಬಣಿಸಿರಬೇಕು, ಅದರ ಪ್ರಮಾಣ ಸಾಮಾನ್ಯವಾಗಿ ಶೇಕಡಾ 20ಕ್ಕೆ ಕಡಿಮೆಯಿರಬಾರದು. ಒಬ್ಬನ ವೈಕಲ್ಯ ಶೇಕಡಾ 40 ಎಂದಿಟ್ಟುಕೊಳ್ಳೋಣ. ಚಿಕಿತ್ಸೆಯಿಂದ ಅದು 15ಕ್ಕೆ ಇಳಿಯುತ್ತಿತ್ತು, ಅವನ ನಿರಾಕರಣೆ ಯುಕ್ತವಲ್ಲ ಎಂದು ಮಂಡಳಿಯು ಬರೆದರೆ, ಆ ಪಿಂಚಣಿಯೇ ಅವನ ಕೈತಪ್ಪಬಹುದು.

ಸರ್ಕಾರದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಬೊಕ್ಕಸವು ಸೇವೆಯು ಕಸಿದುಕೊಂಡುದಕ್ಕೆ ಪರಿಹಾರ ಕೊಡಬೇಕು, ಬರಿಯ ಹಟಕ್ಕಲ್ಲ. ಆದರೆ ಕತ್ತಿಯ ಕೆಳಗೆ ಮಲಗಬೇಕಾದುದು ಅವನ ದೇಹವಷ್ಟೆ! ಜೊತೆಗಾರನ ಬೆನ್ನಿನ ಶಸ್ತ್ರಚಿಕಿತ್ಸೆ ಕೈಗೂಡದೆ ಹೋದುದನ್ನು ಕಣ್ಣಾರೆ ಕಂಡವನ ಅಂಜಿಕೆಯನ್ನು ಹಟವೆಂದು ಕರೆಯುವುದು ಹೇಗೆ?

ನಿಯಮವು ಇದನ್ನು ಮರೆತಿಲ್ಲವೆಂಬುದೇ ಸಮಾಧಾನ. ನಿರಾಕರಣೆ ಯುಕ್ತವೋ ಅಲ್ಲವೋ ಎಂಬುದಕ್ಕೆ ಮಂಡಳಿಯೂ ಕಾರಣ ಕೊಡಬೇಕೆಂದು ಅದೇ ನಮೂನೆ ಕೇಳುತ್ತದೆ. ಹೀಗೆ ಇಡಿಯ ಪ್ರಕರಣವು ‘ತಿಳಿದುಕೊಂಡಿದ್ದಾನೆಯೆ’, ‘ಯುಕ್ತವೆ’ ಎಂಬ ಎರಡು ಮಾತುಗಳ ಮೇಲೆ ನಿಂತಿದೆ. ರೋಗಿಯ ಸಮ್ಮತಿಯನ್ನು ಕುರಿತ 2008ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆಯ ಅಪಾಯ, ಅದಕ್ಕಿರುವ ಬದಲಿ ಮಾರ್ಗಗಳು, ನಿರಾಕರಿಸಿದರೆ ಆಗುವ ಕೇಡು ಎಲ್ಲವನ್ನೂ ವೈದ್ಯರು ತಿಳಿಸಬೇಕೆಂದಿತು. ಅದು ಪಿಂಚಣಿಯ ಮೊಕದ್ದಮೆಯಲ್ಲ. ಆದರೂ ಅದರ ತತ್ತ್ವ ಇಲ್ಲಿಗೂ ಒಪ್ಪುತ್ತದೆ.

ಭಾಷೆಯನ್ನು ಕಲಿಸಿ ಬದುಕುವ ನನಗೆ ಇಲ್ಲೊಂದು ಸಂದೇಹ. ತನಗೆ ಬಾರದ ನುಡಿಯಲ್ಲಿ ಅಚ್ಚಾದ ವಾಕ್ಯದ ಕೆಳಗೆ ರುಜು ಹಾಕಿದವನು ‘ತಿಳಿದುಕೊಂಡ’ನೆಂದು ಹೇಳಬಹುದೆ? ರುಜುವು ಕೈಯ ಕೆಲಸ, ತಿಳಿವಳಿಕೆ ಮನಸ್ಸಿನದು. ಅವನ ಮನೆಮಾತಿನಲ್ಲಿ ಹೇಳಿ, ಅವನು ಕೇಳುವ ಪ್ರಶ್ನೆಗೆ ಉತ್ತರವಿತ್ತು, ಆಮೇಲೆ ರುಜು ಪಡೆಯುವುದು ನ್ಯಾಯ.

ಸೈನ್ಯದಲ್ಲಿ ಅಣ್ಣತಮ್ಮಂದಿರುಳ್ಳ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಚಿಕಿತ್ಸೆಯನ್ನು ಒಲ್ಲೆನೆನ್ನುವ ಮುನ್ನ ಅವರು ಅದರ ಫಲವನ್ನು ಕೇಳಿ ತಿಳಿಯಲಿ. ಒಲ್ಲೆನೆಂದ ಮೇಲೆ ತಮ್ಮ ಕಾರಣವನ್ನು ಸ್ಪಷ್ಟವಾಗಿ ಬರೆಸಿ, ಪ್ರತಿಯನ್ನು ಜೋಪಾನವಾಗಿಡಲಿ. ಮುಂದೆ ಎಂದಾದರೂ ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾದರೆ, ಅವರ ಪರವಾಗಿ ಮಾತಾಡಲು ಆ ನಾಲ್ಕು ಸಾಲುಗಳಿರುತ್ತವೆ.