ಶಾಲೆಯ ಸರ್ವರೂ ಬ್ರೌಸರಿನ ನಂಬುಗೆಯೂ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿರುವ ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಚಿತ್ರದುರ್ಗದ ನಮ್ಮ ಶಾಲೆಯ ಸರ್ವರನ್ನು ತೆರೆದೊಡನೆ, ಸಂಪರ್ಕವು ಸುರಕ್ಷಿತವಲ್ಲವೆಂದು ಬ್ರೌಸರು ಎಚ್ಚರಿಸುವುದುಂಟು. ಎಚ್ಚರಿಕೆಯನ್ನು ದಾಟಿ ಮುಂದುವರಿಯಿರೆಂದು ಹೇಳಿಬಿಡುವುದು ಸುಲಭ. ಆದರೆ ಆ ರೂಢಿ ಬಿದ್ದ ಹುಡುಗಿಯು ನಾಳೆ ಬ್ಯಾಂಕಿನ ಸುಳ್ಳು ಪುಟದಲ್ಲಿಯೂ ಹಾಗೆಯೇ ದಾಟುವಳು.

ಸರ್ವರು ತನ್ನ ಗುರುತಿಗೆ ಪ್ರಮಾಣಪತ್ರವೊಂದನ್ನು ಮುಂದಿಡುವುದು. ತನ್ನ ಪಟ್ಟಿಯಲ್ಲಿರುವ ಮೂಲ ಪ್ರಾಧಿಕಾರವೊಂದರ ರುಜು ಅದರ ಬೆನ್ನಿಗಿದ್ದರೆ ಮಾತ್ರ ಬ್ರೌಸರು ನಂಬುವುದು. ನಾವೇ ರುಜು ಮಾಡಿದ ಪತ್ರವಾದರೋ, ಅಂಗಡಿಯವನು ತನ್ನ ತೂಕದ ಬಟ್ಟಿಗೆ ತಾನೇ ಮುದ್ರೆಯೊತ್ತಿದಂತೆ; ತೂಕ ಸರಿಯಿದ್ದರೂ ಪರರು ಒಪ್ಪಲಾರರು.

ಆದುದರಿಂದ ಶಾಲೆಯ ಮೂಲ ಪ್ರಮಾಣಪತ್ರವನ್ನು ಆ ಪಟ್ಟಿಗೆ ಸೇರಿಸತಕ್ಕದ್ದು. ಫೈರ್‌ಫಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಪ್ರಮಾಣಪತ್ರಗಳ ಭಾಗವನ್ನು ತೆರೆದು, ಪ್ರಾಧಿಕಾರಗಳ ಪಟ್ಟಿಗೆ ಕಡತವನ್ನು ಆಮದು ಮಾಡಿ, ಜಾಲತಾಣಗಳ ಗುರುತಿಗೆ ಇದನ್ನು ನಂಬುವೆನೆಂದು ಸೂಚಿಸಬೇಕು. ವಿಂಡೋಸಿನ ಕ್ರೋಮಿಗಾದರೆ ವಿಂಡೋಸಿನ ಮೂಲ ಪ್ರಾಧಿಕಾರಗಳ ಕೋಶದಲ್ಲಿ ಇಡಬೇಕು. ಸರ್ವರಿನ ಪತ್ರದಲ್ಲಿರುವ ಹೆಸರೂ ನೀವು ಬರೆಯುವ ವಿಳಾಸವೂ ಒಂದೇ ಆಗಿರಬೇಕು, ಅವಧಿ ಮೀರಿರಬಾರದು.

ಇದು ಸಣ್ಣ ಅನುಮತಿಯಲ್ಲ. ಮೂಲದ ರಹಸ್ಯ ಕೀಲಿಯುಳ್ಳವನು ಯಾವ ಬ್ಯಾಂಕಿನ ಹೆಸರಿಗೂ ಪತ್ರ ಬರೆಯಬಲ್ಲನು. 2014ರ ಜುಲೈಯಲ್ಲಿ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರಿನ ಅಧಿಕಾರದಡಿ ಗೂಗಲಿನ ಹೆಸರಿಗೆ ಅನಧಿಕೃತ ಪತ್ರಗಳು ಹೊರಟುದು ಬೆಳಕಿಗೆ ಬಂದಿತು. ಭಾರತದ ಮೂಲ ಪ್ರಾಧಿಕಾರವು ವಿಂಡೋಸಿನ ಪಟ್ಟಿಯಲ್ಲಿದ್ದುದರಿಂದ ಅಲ್ಲಿ ಅವಕ್ಕೆ ಮಾನ್ಯತೆಯಿದ್ದಿತು. ಸ್ವಂತ ಪಟ್ಟಿಯುಳ್ಳ ಫೈರ್‌ಫಾಕ್ಸು ನಂಬಲಿಲ್ಲ.

ಕಡತವನ್ನು ಶಾಲೆಯ ಕಚೇರಿಯಲ್ಲಿಯೇ ಪಡೆಯಿರಿ. ವಾಟ್ಸಾಪಿನಲ್ಲಿ ಬಂದುದಾದರೆ, ಬೆರಳಚ್ಚೆಂಬ ಅದರ ಅಂಕಾಕ್ಷರಮಾಲೆಯನ್ನು ಕಚೇರಿಯಲ್ಲಿ ಅಚ್ಚಾಗಿರುವುದರೊಡನೆ ಕಡೆಯ ಅಕ್ಷರದವರೆಗೂ ಹೋಲಿಸಿರಿ. ಮಗಳು ಶಾಲೆ ಬಿಟ್ಟ ಮೇಲೆ ಅದನ್ನು ಪಟ್ಟಿಯಿಂದ ತೆಗೆದುಹಾಕಬಹುದು.